ಸುಂಕದವನ ಮುಂದೆ

ಫ್ರೀಮ್ಯಾಂಟಲಿನ ಬಂದರಿನ ಹಿಂದೆ
ಈಗ ಕಾಫಿ ಮಾರುವ ಕೆಂಪು ಕಟ್ಟಡದಲ್ಲಿ
ಆಗ ಸುಂಕದವರ ಕುಲುಮೆಯಿತ್ತಂತೆ.
ಅದರ ಬಾಯಿಗೆ ಉಣಿಸುತ್ತಿದ್ದವನು ವಿಂಕೊ.

ನಾನು ಮಂಗಳವಾರ, ಶುಕ್ರವಾರ ಬರುವ ಆರೈಕೆಯವಳು.
ಮಾತ್ರೆ ಎಣಿಸುತ್ತೇನೆ, ಉಗುರು ಕತ್ತರಿಸುತ್ತೇನೆ.
ಕಣ್ಣು ಹೋಗಿ ನಾಲ್ಕು ವರ್ಷವಾಯಿತು ಅವನಿಗೆ;
ಬೆರಳು ಮಾತ್ರ ಈಗಲೂ ತಿರುವುತ್ತಲೇ ಇರುತ್ತದೆ
ಹೊದಿಕೆಯ ಅಂಚನ್ನು.

ನಮ್ಮಲ್ಲೊಂದು ಗಾದೆಯಿದೆ, ಅಂದೆ ಒಂದು ದಿನ:
ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ.
ಅರ್ಥ ಬಿಡಿಸಿ ಹೇಳಿದರೆ
ಹಲ್ಲಿಲ್ಲದ ಬಾಯಿ ತುಂಬ ನಕ್ಕ.
ಹೌದು ಕಣೇ, ಹಡಗಿನಿಂದ ಪೆಟ್ಟಿಗೆ ಪೆಟ್ಟಿಗೆ
ಸುಖದುಃಖ ಇಳಿಯುತ್ತಿತ್ತು,
ಠಸ್ಸೆ ಒತ್ತಿ ನನ್ನ ಕಡೆ ನೂಕುತ್ತಿದ್ದರು.

ಮಹಡಿಯ ಮೇಲೆ ಪೆಂಗೆಲ್ಲಿ ಸಾಹೇಬ.
ಕಿಟಕಿ ಮುಚ್ಚಿ ಒಂದೊಂದನ್ನೂ ಪೂರ್ತಿ ಓದುವವನು.
ಊರಿಗೆಲ್ಲ ಆಗಿಬರದ ಪುಸ್ತಕ
ಅವನಿಗೊಬ್ಬನಿಗೆ ಏನೂ ಮಾಡುತ್ತಿರಲಿಲ್ಲ:
ಸಂಜೆ ಐದಕ್ಕೆ ಹ್ಯಾಟು ಇಟ್ಟುಕೊಂಡು
ಮಗಳಿಗೆ ಪೇರಳೆ ಕೊಂಡು ಮನೆಗೆ ಹೋಗುತ್ತಿದ್ದ.

ಅಕ್ಷರವೆಂದರೆ ಅಳಿಯದ್ದು ಅಂತ
ನಮಗೆ ಕಲಿಸಿದ್ದರು ಮೇಷ್ಟ್ರು, ಕೋಲು ಹಿಡಿದು.
ಅಳಿಯುತ್ತದೆ ಮೇಷ್ಟ್ರೇ.
ವಾರಕ್ಕೆ ಎರಡು ಗಾಡಿ ಅಳಿಸಿದ್ದಾನೆ ಇವನು,
ಬೂದಿ ಹೊತ್ತು ಹಾಕಿದ್ದಾನೆ ಗುಲಾಬಿ ಗಿಡಗಳಿಗೆ.

ಆಗ ಅವನಿಗೆ ಬರುತ್ತಿದ್ದ ಇಂಗ್ಲಿಷು
ಹೌದು, ಎಷ್ಟು, ಥ್ಯಾಂಕ್ಯೂ.
ಒಂದು ಚಳಿಗಾಲ, ಒದ್ದೆ ಕಟ್ಟೊಂದು ಹೊತ್ತಲಿಲ್ಲ.
ಒಣಗಲಿ ಎಂದು ಹರವಿದಾಗ
ಪುಟದ ನಡುವೆ ಗೊತ್ತಿದ್ದ ಪದವೊಂದು ಕಂಡಿತು: ಉಪ್ಪು.
ಆಮೇಲೆ ಅದರ ಪಕ್ಕದ್ದು. ಅದರ ಪಕ್ಕದ್ದು.
ಬೆನ್ನು ಸುಟ್ಟ ಅರ್ಧ ಪುಸ್ತಕ
ಊಟದ ಡಬ್ಬಿಯಲ್ಲಿ, ಬ್ರೆಡ್ಡಿನ ಕೆಳಗೆ, ಗೇಟು ದಾಟಿತು.

ಪಾಪ ಎಲ್ಲಿದೆ ಎಂದು ಹುಡುಕಿದೆ, ಎಂದ.
ಬಟ್ಟೆ ಒಗೆಯುವ ಹೆಂಗಸು, ಗಂಡನಿಗೆ ಹೇಳದೆ
ದೋಣಿಗೊಂದು ಟಿಕೆಟ್ಟು ತೆಗೆಯುತ್ತಾಳೆ.
ಒಂದು ಕಡೆ ಮೊಣಕಾಲು ಕಾಣುತ್ತದೆ. ಅಷ್ಟೇ.
ಬೆಂಕಿ ಮೊಣಕಾಲಿಗೋ ಟಿಕೆಟ್ಟಿಗೋ
ನನಗೆ ಯಾರೂ ಹೇಳಲಿಲ್ಲ.

ನೂರಾ ಹನ್ನೆರಡನೆಯ ಪುಟಕ್ಕೆ ಮುಗಿದುಹೋಗಿತ್ತು ಅದು,
ಅವಳ ಒಂದು ಕಾಲು ದಡದಲ್ಲಿ, ಒಂದು ಹಲಗೆಯ ಮೇಲೆ.
ಅರವತ್ತು ಚಿಲ್ಲರೆ ವರ್ಷ
ಹಾಗೇ ನಿಂತಿದ್ದಾಳೆ.

ಹುಡುಕಿದೆ. ಊರ ಲೈಬ್ರರಿಯಲ್ಲೇ ಇತ್ತು,
ಕಿಟಕಿ ಪಕ್ಕ, ಮೂರನೆಯ ಅರೆಯಲ್ಲಿ. ತಡೆಯುವವರಿಲ್ಲ.
ಯಾರೋ ಕೊನೆಗೆ ಒಯ್ದದ್ದು ಒಂಬತ್ತು ವರ್ಷದ ಹಿಂದೆ.
ಕೌಂಟರಿನ ಹುಡುಗ ಹೆಸರೂ ನೋಡಲಿಲ್ಲ,
ಬೀಪ್ ಅನಿಸಿ ಕೈಗಿಟ್ಟ.
ಚೀಲದ ತಳಕ್ಕೆ, ಬ್ರೆಡ್ಡಿನ ಕೆಳಗೆ
ಇಳಿಸಿಕೊಂಡೆ ನಾನು. ಯಾಕೋ.

ಶುಕ್ರವಾರ. ನೂರಾ ಹದಿಮೂರು ತೆರೆದೆ.
ಇರು, ಎಂದು ಕೈ ಎತ್ತಿದ.
ಮೊದಲು ನನ್ನದು ಕೇಳು:
ರಾತ್ರಿ ಪಾಳಿಗಳಲ್ಲಿ ಅವಳನ್ನು ದಾಟಿಸಿದ್ದೇನೆ,
ಬಾಡಿಗೆ ಮನೆ ಹಿಡಿದುಕೊಟ್ಟಿದ್ದೇನೆ, ಹೊಲಿಗೆ ಮಿಷನ್ನೂ.
ಒಮ್ಮೆ, ನನ್ನ ಹೆಂಡತಿ ತೀರಿಕೊಂಡ ವರ್ಷ,
ಸಿಟ್ಟಿನಲ್ಲಿ ಗಂಡನ ಬಳಿಗೇ ವಾಪಸು ಕಳಿಸಿದ್ದೆ.
ಆಮೇಲೆ ನಾಚಿಕೆಯಾಗಿ ಕರೆಸಿಕೊಂಡೆ.
ಬರೆದವರು ಏನು ಮಾಡಿದ್ದಾರೋ ನೋಡೋಣ.
ಓದು.

ಓದಿದೆ. ನಿಧಾನ, ನಿಧಾನ, ಎನ್ನುತ್ತಿದ್ದ,
ಅದು ನಾನು ಈ ಕೈಯಲ್ಲೇ ಸುಟ್ಟದ್ದು.
ಆರು ಪುಟ ಆಗುವಷ್ಟರಲ್ಲಿ ಫೋನು ಗುರುಗುಟ್ಟಿತು,
ಮುಂದಿನ ಮನೆಯ ಅಜ್ಜಿಯ ಇನ್ಸುಲಿನ್ ಹೊತ್ತು.
ಗುರುತಿಗೆಂದು ಹಾಳೆಯ ತುದಿ ಮಡಚಹೊರಟೆ.
ಆ ಸಪ್ಪಳ ಹೇಗೆ ಕೇಳಿಸಿತೋ ಮುದುಕನಿಗೆ:

ಏಯ್, ಮಡಚಬೇಡ.
ಸರಕಾರದ ಪುಸ್ತಕ.